ನಿವೃತ್ತರಿಗೆ ಸರ್ಕಾರಿ ಆರೋಗ್ಯ ವಿಮೆ: ಯಾವ ಯೋಜನೆ ಯಾರಿಗೆ, ಪಡೆಯುವುದು ಹೇಗೆ

ನಿವೃತ್ತರೆಲ್ಲರಿಗೂ ಅನ್ವಯಿಸುವ ಒಂದೇ ಸರ್ಕಾರಿ ಆರೋಗ್ಯ ವಿಮೆ ನಮ್ಮಲ್ಲಿಲ್ಲ. ನೀವು ಎಲ್ಲಿ ಕೆಲಸ ಮಾಡಿ ನಿವೃತ್ತರಾದಿರಿ, ಮನೆಯ ಪಡಿತರ ಚೀಟಿ ಯಾವ ಬಗೆಯದು, ಆಧಾರ್‌ನಲ್ಲಿ ನಮೂದಾಗಿರುವಂತೆ ನಿಮ್ಮ ವಯಸ್ಸೆಷ್ಟು ಎಂಬ ಮೂರು ಸಂಗತಿಗಳಿಂದ ನಿಮ್ಮ ಯೋಜನೆ ಯಾವುದೆಂದು ತೀರ್ಮಾನವಾಗುತ್ತದೆ. ಮೈಸೂರಿನ ಒಂದೇ ಬೀದಿಯಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದವರು, ಹೆಬ್ಬಾಳದ ಕಾರ್ಖಾನೆಯಲ್ಲಿ ದುಡಿದವರು ಮತ್ತು ಮಾಜಿ ಸೈನಿಕರು ಅಕ್ಕಪಕ್ಕದಲ್ಲೇ ವಾಸವಾಗಿರುತ್ತಾರೆ. ನಾಲ್ವರ ಹಕ್ಕೂ ಬೇರೆ ಬೇರೆ. ಪಕ್ಕದ ಮನೆಯವರಿಗೆ ಪೈಸೆ ಖರ್ಚಿಲ್ಲದೆ ಶಸ್ತ್ರಚಿಕಿತ್ಸೆ ಆಯಿತೆಂದು ಕೇಳಿ, ಅದೇ ಆಸ್ಪತ್ರೆಗೆ ಹೋದವರು ಕೌಂಟರಿನಲ್ಲಿ ಬೇರೆಯೇ ಲೆಕ್ಕ ಕೇಳಿ ತಬ್ಬಿಬ್ಬಾಗುವುದು ಈ ವ್ಯತ್ಯಾಸ ಗೊತ್ತಿಲ್ಲದಿರುವುದರಿಂದಲೇ.

ಕಾರ್ಡು ಮಾಡಿಸಿದರೆ ಕೆಲಸ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ಹೆಚ್ಚಿನ ಯೋಜನೆಗಳಲ್ಲಿ ಕಾರ್ಡು, ವೈದ್ಯರು ಬೇರೆ ಆಸ್ಪತ್ರೆಗೆ ಕಳುಹಿಸಿ ಕೊಡುವ ರೆಫರಲ್ ಪತ್ರ, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ ಈ ಮೂರೂ ಕೂಡಿಬಂದಾಗ ಮಾತ್ರ ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಬಿಲ್ಲು ನಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಈ ಮೂರನ್ನೂ ಮೈ ಚೆನ್ನಾಗಿರುವಾಗಲೇ ವಿಚಾರಿಸಿ, ಹೊಂದಿಸಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಮುಂದೆ ವಿವರಿಸಿದೆ.

ಪಡಿತರ ಚೀಟಿ ನಿರ್ಧರಿಸುವ ಯೋಜನೆ

ಯಾವುದೇ ಇಲಾಖೆಯ ಅಥವಾ ಸಂಸ್ಥೆಯ ವೈದ್ಯಕೀಯ ಸೌಲಭ್ಯವಿಲ್ಲದ ನಿವೃತ್ತರು ಮೊದಲು ನೋಡಬೇಕಾದದ್ದು ಜನ ಸಾಮಾನ್ಯವಾಗಿ ‘ಆಯುಷ್ಮಾನ್ ಕಾರ್ಡು’ ಎಂದು ಕರೆಯುವ ಯೋಜನೆಯನ್ನು. ಕೇಂದ್ರದ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು; ಅದೇ ವರ್ಷ ಕರ್ನಾಟಕದ ಆರೋಗ್ಯ ಕರ್ನಾಟಕ ಯೋಜನೆಯೊಂದಿಗೆ ಅದನ್ನು ಸೇರಿಸಲಾಯಿತು. ನಮ್ಮ ರಾಜ್ಯದಲ್ಲಿ ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ವಿಮಾ ಕಂಪನಿ ನಡುವೆ ಇಲ್ಲ. ಆಸ್ಪತ್ರೆಗೆ ಹಣ ಕೊಡುವುದು ಟ್ರಸ್ಟ್.

ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಗಳಿಗೂ ಈ ಯೋಜನೆಯಲ್ಲಿ ಸ್ಥಾನವಿದೆ, ಆದರೆ ಸರ್ಕಾರ ಭರಿಸುವುದು ಆಯಾ ಚಿಕಿತ್ಸೆಗೆ ಗೊತ್ತುಮಾಡಿದ ಒಟ್ಟು ದರದ, ಅಂದರೆ ಪ್ಯಾಕೇಜ್ ದರದ, ಶೇಕಡಾ 30 ಮಾತ್ರ, ಅದೂ ಇಡೀ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ. ಉದಾಹರಣೆಗೆ, ಒಂದು ಚಿಕಿತ್ಸೆಯ ಪ್ಯಾಕೇಜ್ ದರ 1 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಬಿಪಿಎಲ್ ಕುಟುಂಬದವರು ಏನನ್ನೂ ಕಟ್ಟಬೇಕಿಲ್ಲ, ಎಪಿಎಲ್ ಕುಟುಂಬದವರು 70 ಸಾವಿರ ರೂಪಾಯಿ ಕಟ್ಟಬೇಕು. ಪಿಂಚಣಿ ಪಡೆಯುವ ಸರ್ಕಾರಿ ನಿವೃತ್ತರು ಸಾಮಾನ್ಯವಾಗಿ ಎರಡನೆಯ ಗುಂಪಿಗೆ ಸೇರುತ್ತಾರೆ. ಕಾರ್ಡಿನ ಮೇಲೆ ಆಯುಷ್ಮಾನ್ ಎಂದು ಅಚ್ಚಾಗಿರುವುದನ್ನು ನೋಡಿ 5 ಲಕ್ಷ ರೂಪಾಯಿ ತಮಗೂ ಉಂಟೆಂದು ತಿಳಿದಿರುವ ನಿವೃತ್ತ ಅಧ್ಯಾಪಕರನ್ನೂ ಗುಮಾಸ್ತರನ್ನೂ ಮೈಸೂರಿನಲ್ಲಿ ಬೇಕಾದಷ್ಟು ಕಾಣಬಹುದು.

ಭವಿಷ್ಯ ನಿಧಿ ಸಂಸ್ಥೆಯಿಂದ ಇಪಿಎಸ್-95 ಪಿಂಚಣಿ ಪಡೆಯುವವರ ಸ್ಥಿತಿ ಬೇರೆ. ಈ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ, ಮತ್ತು ಇದರೊಂದಿಗೆ ಯಾವ ವೈದ್ಯಕೀಯ ಸೌಲಭ್ಯವೂ ಬರುವುದಿಲ್ಲ. ಕಾರ್ಖಾನೆ, ಗಿರಣಿ, ಖಾಸಗಿ ಶಾಲೆಗಳಲ್ಲಿ ದುಡಿದು ಇಷ್ಟು ಸಣ್ಣ ಪಿಂಚಣಿಯ ಮೇಲೆ ಬದುಕುವ ದಂಪತಿ ಬಿಪಿಎಲ್ ಚೀಟಿಗೆ ಅರ್ಹರಾಗಿರಬಹುದು. ಆದರೆ ಅವರ ಹೆಸರು ಸಂಬಳದ ಮಗನ ಎಪಿಎಲ್ ಚೀಟಿಯಲ್ಲಿ ಸೇರಿಕೊಂಡಿದ್ದರೆ ಯೋಜನೆಯ ದೃಷ್ಟಿಯಲ್ಲಿ ಅವರೂ ಎಪಿಎಲ್ ಕುಟುಂಬದವರೇ, ಏಕೆಂದರೆ ಇಲ್ಲಿ ಕುಟುಂಬವೆಂದರೆ ಪಡಿತರ ಚೀಟಿಯಲ್ಲಿರುವ ಕುಟುಂಬ. ನಿಜವಾಗಿಯೂ ಬೇರೆ ಮನೆಯಲ್ಲಿ ಬೇರೆ ಒಲೆ ಹೂಡಿಕೊಂಡಿರುವವರು ಪ್ರತ್ಯೇಕ ಚೀಟಿಗೆ ಅರ್ಜಿ ಹಾಕುವುದು ನ್ಯಾಯವಾದ ಮಾರ್ಗ. ವಿಮೆಯ ಸಲುವಾಗಿ ಕಾಗದದಲ್ಲಿ ಮಾತ್ರ ಬೇರೆಯಾಗುವುದು ಬೇಡ. ಅನರ್ಹ ಬಿಪಿಎಲ್ ಚೀಟಿಗಳನ್ನು ಇಲಾಖೆ ರದ್ದುಪಡಿಸುತ್ತಿರುತ್ತದೆ, ಚಿಕಿತ್ಸೆಯ ನಡುವೆ ಹಾಗಾದರೆ ಪೇಚಾಟ ಹೇಳತೀರದು.

ರೆಫರಲ್ ವಿಷಯದಲ್ಲಿ ನಿವೃತ್ತರು ಹೆಚ್ಚು ಎಡವುತ್ತಾರೆ. ಈ ಯೋಜನೆಯಲ್ಲಿ ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆಯ ಸೌಲಭ್ಯವಿಲ್ಲದಿದ್ದರೆ ವೈದ್ಯರು ರೆಫರಲ್ ಕೊಡುತ್ತಾರೆ, ಆಗ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಮೈಸೂರಿನವರಿಗೆ ಈ ಬಾಗಿಲು ಎಂದರೆ ದೊಡ್ಡಾಸ್ಪತ್ರೆ, ಅಂದರೆ ಕೃಷ್ಣರಾಜೇಂದ್ರ ಆಸ್ಪತ್ರೆ, ಇಲ್ಲವೇ ಜಿಲ್ಲಾ ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್, ನಂಜನಗೂಡು, ಹುಣಸೂರು, ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯವರಿಗೆ ಆಯಾ ತಾಲ್ಲೂಕು ಆಸ್ಪತ್ರೆ. ಗೆಜೆಟೆಡ್ ಹುದ್ದೆಯಲ್ಲಿದ್ದು ನಿವೃತ್ತರಾದ ಕೆಲವರಿಗೆ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದೆಂದರೆ ಮುಜುಗರ, ಹೀಗಾಗಿ ಅವರು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ದಾಖಲಾದ ಮೇಲೆ ರೆಫರಲ್ ತರಿಸುವ ಪ್ರಯತ್ನ ಮಾಡುತ್ತಾರೆ. ಮಂಡಿ ಕೀಲು ಬದಲಾವಣೆಯಂತಹ, ತಿಂಗಳ ಮುಂಚೆಯೇ ಗೊತ್ತಿರುವ ಚಿಕಿತ್ಸೆಗೆ ಈ ಅವಸರದ ಅಗತ್ಯವೇ ಇಲ್ಲ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ಮೂಳೆ ವೈದ್ಯರಿಗೆ ತೋರಿಸಿ, ಅಲ್ಲೇ ಮಾಡುತ್ತಾರೆಯೇ ಅಥವಾ ಹೊರಗೆ ಕಳುಹಿಸುತ್ತಾರೆಯೇ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹೃದಯಾಘಾತ, ಅಪಘಾತದಂತಹ ತುರ್ತು ಸಂದರ್ಭದಲ್ಲಿ ರೆಫರಲ್ ಬೇಕಾಗುವುದಿಲ್ಲ. ಯೋಜನೆಗೆ ಒಳಪಟ್ಟ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಮೈಸೂರಿನಲ್ಲಿ ಎದೆನೋವಿಗೆ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇರುವುದು ಸುತ್ತಲಿನ ಜಿಲ್ಲೆಗಳಿಗೆಲ್ಲ ದೊಡ್ಡ ಆಸರೆ.

ಈ ಯೋಜನೆ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ, ಅದೂ ಸಾಮಾನ್ಯ ವಾರ್ಡಿಗೆ ಮೀಸಲು. ಡಿಸ್ಚಾರ್ಜ್ ಆದ ನಂತರದ 15 ದಿನಗಳ ಔಷಧವೂ ಪ್ಯಾಕೇಜಿನಲ್ಲಿ ಸೇರಿರುತ್ತದೆ. ಮೊದಲಿನಿಂದ ಇದ್ದ ಕಾಯಿಲೆ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲ, ಕಾಯುವ ಅವಧಿಯೂ ಇಲ್ಲ. ಆದರೆ ಬಿಪಿ, ಸಕ್ಕರೆ ಕಾಯಿಲೆಗೆ ದಿನವೂ ನುಂಗುವ ಮಾತ್ರೆ, ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆ, ವೈದ್ಯರ ಶುಲ್ಕ ಇದರಲ್ಲಿ ಬರುವುದಿಲ್ಲ. ನಿವೃತ್ತರ ಜೇಬಿನಿಂದ ತಿಂಗಳು ತಿಂಗಳು ಹೋಗುವುದು ಈ ಬಾಬ್ತಿಗೇ ಆದ್ದರಿಂದ, ಹೊರರೋಗಿ ಔಷಧವನ್ನೂ ಕೊಡುವ ಯೋಜನೆಗೆ ನೀವು ಅರ್ಹರೇ ಎಂಬುದನ್ನು ಆಯುಷ್ಮಾನ್ ಕಾರ್ಡಿಗೆ ತೃಪ್ತರಾಗುವ ಮುನ್ನ ನೋಡಿಕೊಳ್ಳಬೇಕು. ಅಂತಹ ಯೋಜನೆಗಳು ಮುಂದೆ ಬರುತ್ತವೆ.

ಎಪ್ಪತ್ತು ತುಂಬಿದವರು

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ ಚಾಲನೆ ನೀಡಿತು. 70 ವರ್ಷ ತುಂಬಿದ ಯಾರಾದರೂ, ಆದಾಯ ಎಷ್ಟೇ ಇರಲಿ, ಪಡಿತರ ಚೀಟಿ ಯಾವುದೇ ಇರಲಿ, ಇದನ್ನು ಪಡೆಯಬಹುದು. ಮಿತಿ ವರ್ಷಕ್ಕೆ 5 ಲಕ್ಷ ರೂಪಾಯಿ. ಗಂಡ ಹೆಂಡತಿ ಇಬ್ಬರಿಗೂ 70 ತುಂಬಿದ್ದರೆ ಆ ಮೊತ್ತ ಇಬ್ಬರಿಗೂ ಸೇರಿ. ತಲಾ 5 ಲಕ್ಷವಲ್ಲ. ಆಗಲೇ ಬಿಪಿಎಲ್ ಕುಟುಂಬವಾಗಿ ಆಯುಷ್ಮಾನ್ ವ್ಯಾಪ್ತಿಯಲ್ಲಿರುವ ಮನೆಯ ಹಿರಿಯರಿಗೆ ಇದು ಹೆಚ್ಚುವರಿಯಾಗಿ ದೊರೆಯುತ್ತದೆ, ಅದನ್ನು ಮನೆಯ ಕಿರಿಯರೊಂದಿಗೆ ಹಂಚಿಕೊಳ್ಳಬೇಕಿಲ್ಲ. ಖಾಸಗಿ ವಿಮೆ ಅಥವಾ ಕಾರ್ಮಿಕರ ವಿಮೆಯಾದ ಇಎಸ್‌ಐ ಇದ್ದವರೂ ಇದನ್ನು ಪಡೆಯಬಹುದು. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಮಾತ್ರ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ನನ್ನ ಸಲಹೆ ಕೇಳಿದರೆ, ಅಂತಹವರು ತಮ್ಮ ಹಳೆಯ ಸೌಲಭ್ಯವನ್ನು ಬಿಡಬಾರದು, ಏಕೆಂದರೆ ಅವುಗಳಲ್ಲಿ ದಿನನಿತ್ಯದ ಔಷಧವೂ ಸಿಗುತ್ತದೆ, ವಯ ವಂದನಾದಲ್ಲಿ ಸಿಗುವುದಿಲ್ಲ.

ನೋಂದಣಿಗೆ ಆಧಾರ್ ಒಂದೇ ಸಾಕು. ಆಯುಷ್ಮಾನ್ ಆ್ಯಪ್‌ನಲ್ಲಿ ಮೊಮ್ಮಕ್ಕಳ ನೆರವಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ಈ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳಬೇಕಾಗಿದ್ದು, ಅದರ ಜಾರಿ ರಾಜ್ಯದ ಮೇಲೂ ನಿಂತಿರುವುದರಿಂದ, ಕಾರ್ಡು ಮೊಬೈಲಿಗೆ ಬಂದುಬಿಟ್ಟರೆ ಆಸ್ಪತ್ರೆಯಲ್ಲಿ ಎಲ್ಲ ಸರಾಗ ಎಂದು ಭಾವಿಸಬಾರದು. ನೀವು ಸಾಮಾನ್ಯವಾಗಿ ಹೋಗುವ ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಕಂಡು, ಈ ಕಾರ್ಡಿನ ಅಡಿಯಲ್ಲಿ ನಿಮ್ಮನ್ನು ದಾಖಲಿಸಿಕೊಳ್ಳುತ್ತಾರೆಯೇ, ನಿಮಗೆ ಬೇಕಾಗಬಹುದಾದ ಚಿಕಿತ್ಸೆ ಅಲ್ಲಿ ಇದರಡಿ ಲಭ್ಯವೇ ಎಂದು ನೇರವಾಗಿ ಕೇಳಿ. ಯಾವುದೇ ಖಾಸಗಿ ಪಾಲಿಸಿ ಕೈಯಲ್ಲಿದ್ದರೆ, ಈ ಉತ್ತರ ಸಿಗುವ ತನಕ ಅದನ್ನು ನಿಲ್ಲಿಸಬೇಡಿ.

ಆಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಯನ್ನು ವಿಮೆಯೆಂದು ತಿಳಿಯುವುದು ಈಚೆಗೆ ಹೆಚ್ಚಾಗಿ ಕಾಣುವ ಗೊಂದಲ. ಆಭಾ ನಿಮ್ಮ ವೈದ್ಯಕೀಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಗುರುತು ಸಂಖ್ಯೆ. ಅದರಿಂದ ಒಂದು ರೂಪಾಯಿಯ ಬಿಲ್ಲೂ ತೀರುವುದಿಲ್ಲ.

ಕಾರ್ಖಾನೆಯಿಂದ ನಿವೃತ್ತರಾದವರು: ವರ್ಷಕ್ಕೆ 120 ರೂಪಾಯಿ

ನನ್ನ ದೃಷ್ಟಿಯಲ್ಲಿ ನಮ್ಮ ಭಾಗದಲ್ಲಿ ಅರ್ಹರಿದ್ದೂ ಅತಿ ಕಡಿಮೆ ಬಳಕೆಯಾಗುತ್ತಿರುವ ಸೌಲಭ್ಯ ಇಎಸ್‌ಐನದು. ಸೇವೆಯಲ್ಲಿದ್ದಾಗ ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದ್ದವರು, ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದ್ದರೆ, ವರ್ಷಕ್ಕೆ ಕೇವಲ 120 ರೂಪಾಯಿ ಮುಂಗಡವಾಗಿ ಕಟ್ಟಿ ತಮಗೂ ತಮ್ಮ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಸ್ವಯಂನಿವೃತ್ತಿ ಪಡೆದವರಿಗೂ ಇದು ಅನ್ವಯಿಸುತ್ತದೆ. ಇಲ್ಲಿ ಹೊರರೋಗಿ ಚಿಕಿತ್ಸೆ, ಔಷಧ, ದಾಖಲಾತಿ ಎಲ್ಲವೂ ಸೇರಿವೆ. ಬಿಪಿ ಮಾತ್ರೆಗೆ ಒಂದೇ ತಿಂಗಳು ಮೆಡಿಕಲ್ ಶಾಪಿನಲ್ಲಿ ಕೊಡುವ ಹಣಕ್ಕಿಂತ ಇಡೀ ವರ್ಷದ ಈ ವಂತಿಗೆ ಕಡಿಮೆ ಇರಬಹುದು.

ಇಎಸ್‌ಐ ವ್ಯಾಪ್ತಿಯ ಸಂಬಳದ ಮಿತಿ 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿ. ನಿವೃತ್ತಿಗೆ ಮುನ್ನ ಸಂಬಳ ಈ ಮಿತಿ ದಾಟಿ ಇಎಸ್‌ಐನಿಂದ ಹೊರಬಿದ್ದ ಕಾರಣಕ್ಕೆ ಬಹಳ ಮಂದಿ ಹಿರಿಯ ಕಾರ್ಮಿಕರು ಈ ಸೌಲಭ್ಯ ಕಳೆದುಕೊಂಡಿದ್ದರು. 2024ರ ಫೆಬ್ರುವರಿಯಲ್ಲಿ ನಿಗಮವು ಇದನ್ನು ಸಡಿಲಿಸಲು ತೀರ್ಮಾನಿಸಿತು: 2012ರ ಏಪ್ರಿಲ್ 1ರ ನಂತರ ಕನಿಷ್ಠ 5 ವರ್ಷ ವಿಮಾದಾರರಾಗಿದ್ದು, 2017ರ ಏಪ್ರಿಲ್ 1ರಂದು ಅಥವಾ ಅನಂತರ 30,000 ರೂಪಾಯಿವರೆಗಿನ ಸಂಬಳದೊಂದಿಗೆ ನಿವೃತ್ತರಾದವರನ್ನೂ ಒಳಗೊಳ್ಳುವುದು ಆ ತೀರ್ಮಾನ. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು, ಮಂಡ್ಯದ ಕಡೆ ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಿಂದ ಈಚಿನ ವರ್ಷಗಳಲ್ಲಿ ನಿವೃತ್ತರಾದವರು ತಮ್ಮ ಹಳೆಯ ಸಂಬಳದ ಚೀಟಿ ತೆಗೆದು ಈ ಲೆಕ್ಕಕ್ಕೆ ಹೊಂದುತ್ತಾರೆಯೇ ಎಂದು ನೋಡಬೇಕು.

ಅರ್ಜಿ ಹಾಕಬೇಕಾದದ್ದು ಇಎಸ್‌ಐ ನಿಗಮದ ಶಾಖಾ ಕಚೇರಿಯಲ್ಲಿ, ಆಸ್ಪತ್ರೆಯಲ್ಲಲ್ಲ. ಹಳೆಯ ವಿಮಾ ಸಂಖ್ಯೆ, ನಿವೃತ್ತಿಯ ದಿನಾಂಕ ಮತ್ತು ಸೇವಾ ಅವಧಿಯನ್ನು ದೃಢೀಕರಿಸಿ ಉದ್ಯೋಗದಾತರು ಕೊಟ್ಟ ಪತ್ರ, ಇಬ್ಬರ ಆಧಾರ್, ಇಬ್ಬರ ಭಾವಚಿತ್ರ ಜೊತೆಗಿರಲಿ. ಉದ್ಯೋಗದಾತರ ಪತ್ರವನ್ನು ನಿವೃತ್ತಿಯ ಲೆಕ್ಕ ಚುಕ್ತಾ ಆಗುವಾಗಲೇ ಪಡೆದುಕೊಳ್ಳುವುದು ಕ್ಷೇಮ. ಕಾರ್ಖಾನೆ ಮುಚ್ಚಿದರೆ ಅಥವಾ ಕೈ ಬದಲಾದರೆ ಆ ಪತ್ರಕ್ಕೆ ಸಹಿ ಹಾಕುವವರನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ. ಒಮ್ಮೆ ನೋಂದಣಿಯಾದ ಮೇಲೆ ಪ್ರತಿ ವರ್ಷ ನವೀಕರಣದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಕೇಂದ್ರ ಸರ್ಕಾರಿ ಪಿಂಚಣಿದಾರರು, ಮಾಜಿ ಸೈನಿಕರು, ರೈಲ್ವೆಯವರು

ಮೈಸೂರಿನಲ್ಲಿ ರಕ್ಷಣಾ ಪ್ರಯೋಗಾಲಯ, ಭಾರತೀಯ ಭಾಷಾ ಸಂಸ್ಥಾನ, ಅಂಚೆ, ಆದಾಯ ತೆರಿಗೆ ಮುಂತಾದ ಕೇಂದ್ರ ಕಚೇರಿಗಳಿಂದ ನಿವೃತ್ತರಾದವರು ಸಾಕಷ್ಟಿದ್ದಾರೆ. ಇವರಿಗೆ ಸಿಜಿಎಚ್‌ಎಸ್ ಇದೆ. ವೇತನ ಶ್ರೇಣಿಗೆ ಅನುಗುಣವಾಗಿ ತಿಂಗಳಿಗೆ 250, 450, 650 ಅಥವಾ 1,000 ರೂಪಾಯಿ ವಂತಿಗೆ. ವರ್ಷ ವರ್ಷ ಕಟ್ಟಬಹುದು, ಇಲ್ಲವೇ ಹತ್ತು ವರ್ಷದ ಮೊತ್ತವನ್ನು ಒಮ್ಮೆಗೇ ಕಟ್ಟಿ ಜೀವಿತಾವಧಿಯ ಕಾರ್ಡು ಪಡೆಯಬಹುದು; ಆಗ ಅದು ಕ್ರಮವಾಗಿ 30,000, 54,000, 78,000 ಮತ್ತು 1,20,000 ರೂಪಾಯಿ ಆಗುತ್ತದೆ. ನಿವೃತ್ತಿಯ ಸಮಯದಲ್ಲಿ ಗ್ರಾಚ್ಯುಟಿ ಕೈಗೆ ಬಂದಿರುವಾಗಲೇ ಜೀವಿತಾವಧಿಯ ಕಾರ್ಡು ಮಾಡಿಸಿಕೊಂಡವರು ಮುಂದೆ ಈ ವಿಷಯವನ್ನು ಮತ್ತೆ ಯೋಚಿಸಬೇಕಾಗುವುದಿಲ್ಲ.

ಸಿಜಿಎಚ್‌ಎಸ್ ವ್ಯಾಪ್ತಿಯ ಹೊರಗೆ, ಉದಾಹರಣೆಗೆ ಹುಟ್ಟಿದ ಹಳ್ಳಿಗೆ ಮರಳಿ, ನೆಲೆಸಿದವರು ಅದರ ಬದಲು ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ಯೆ ಪಡೆಯಬಹುದು. ಭತ್ಯೆ ತೆಗೆದುಕೊಂಡರೆ ಸಿಜಿಎಚ್‌ಎಸ್ ಪೂರ್ತಿ ಕೈಬಿಟ್ಟಂತೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ: ಹೊರರೋಗಿ ಖರ್ಚಿಗೆ ಭತ್ಯೆ, ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ ಮಾತ್ರ ಸಿಜಿಎಚ್‌ಎಸ್ ಕಾರ್ಡು ಎಂಬ ಮೂರನೆಯ ಆಯ್ಕೆಯೂ ಇದೆ. ಹಳ್ಳಿಯಲ್ಲಿರುವವರಿಗೆ ನಾನು ಸೂಚಿಸುವುದು ಇದನ್ನೇ. ಪಿಂಚಣಿದಾರರಿಗೆ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಡಿಸ್ಚಾರ್ಜ್ ಆದ 6 ತಿಂಗಳೊಳಗೆ ಮರುಪಾವತಿಗೆ ಅರ್ಜಿ ಸಲ್ಲಿಸಬೇಕು, ಸಿಗುವುದು ಸಿಜಿಎಚ್‌ಎಸ್ ದರದಂತೆ. ಸ್ವಾಯತ್ತ ಸಂಸ್ಥೆಗಳು, ಸಾರ್ವಜನಿಕ ಉದ್ದಿಮೆಗಳು, ಬ್ಯಾಂಕುಗಳು ತಮ್ಮದೇ ನಿಯಮಗಳನ್ನು ಹೊಂದಿರುವುದರಿಂದ ಅವುಗಳ ನಿವೃತ್ತರು ಸಂಸ್ಥೆಯ ಆಡಳಿತ ವಿಭಾಗವನ್ನೇ ಕೇಳಬೇಕು.

ಮಾಜಿ ಸೈನಿಕರ ಇಸಿಎಚ್‌ಎಸ್ 2003ರ ಏಪ್ರಿಲ್ 1ರಿಂದ ಇದೆ. ಹುದ್ದೆಗೆ ತಕ್ಕಂತೆ ಒಂದೇ ಬಾರಿ ವಂತಿಗೆ ಕಟ್ಟಬೇಕು: ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನವರಿಗೆ 30,000, ಸುಬೇದಾರ್ ದರ್ಜೆಯ ಜೆಸಿಒಗಳಿಗೆ 67,000, ಅಧಿಕಾರಿಗಳಿಗೆ 1,20,000 ರೂಪಾಯಿ. ಮೈಸೂರಿನಲ್ಲಿ ಪಾಲಿಕ್ಲಿನಿಕ್ ಇದೆ. ದಿನನಿತ್ಯದ ಔಷಧ ಅಲ್ಲಿ, ಹೆಚ್ಚಿನ ಚಿಕಿತ್ಸೆಗೆ ಅಲ್ಲಿಂದ ರೆಫರಲ್. ತುರ್ತಿನಲ್ಲಿ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋದಾಗ, ಆಸ್ಪತ್ರೆಯವರು 48 ಗಂಟೆಯೊಳಗೆ ಇಸಿಎಚ್‌ಎಸ್‌ಗೆ ತಿಳಿಸಬೇಕಾಗಿರುವುದರಿಂದ ಕಾರ್ಡನ್ನು ದಾಖಲಾಗುವಾಗಲೇ ತೋರಿಸಿರಬೇಕು. ಸೇವಾ ದಾಖಲೆಯಲ್ಲಿ ಪತ್ನಿಯ ಹೆಸರು ‘ಜಯಮ್ಮ’ ಎಂದಿದ್ದು ಆಧಾರ್‌ನಲ್ಲಿ ‘ಜಯಲಕ್ಷ್ಮಮ್ಮ’ ಎಂದಾಗಿರುವ ತೊಡಕು ನಮ್ಮ ಕಡೆ ಮನೆಮನೆಯಲ್ಲೂ ಇರುವಂಥದ್ದು. ಯಜಮಾನರು ಇರುವಾಗ ಇದನ್ನು ರೆಕಾರ್ಡ್ ಆಫೀಸಿನ ಮೂಲಕ ಸರಿಪಡಿಸುವುದು ಸುಲಭ, ಅವರು ಹೋದ ಮೇಲೆ ಆಕೆಯೊಬ್ಬರೇ ಓಡಾಡಿ ಸರಿಪಡಿಸುವುದು ಬಹಳ ಕಷ್ಟ.

ರೈಲ್ವೆ ನಿವೃತ್ತರಿಗೆ 1997ರ ಉದಾರೀಕೃತ ಆರೋಗ್ಯ ಯೋಜನೆ ಇದೆ, ನಿಗದಿತ ಮೊತ್ತವನ್ನು ಒಮ್ಮೆ ಕಟ್ಟಿದರೆ ಮೈಸೂರಿನ ರೈಲ್ವೆ ಆಸ್ಪತ್ರೆಯ ಸೇವೆ ಜೀವನಪೂರ್ತಿ. ರೈಲ್ವೆಯ ವೈದ್ಯಕೀಯ ಗುರುತಿನ ಚೀಟಿಯಾದ ಉಮಿದ್ ಕಾರ್ಡು ಮಾಡಿಸಿಕೊಳ್ಳುವುದನ್ನು ಮರೆಯಬಾರದು.

ರಾಜ್ಯ ಸರ್ಕಾರದ ನಿವೃತ್ತರು

ಸಂಖ್ಯೆಯಲ್ಲಿ ಹೆಚ್ಚಿದ್ದೂ ಕೈಯಲ್ಲಿ ಕಡಿಮೆ ಇರುವವರು ಇವರೇ ಎಂದರೆ ತಪ್ಪಾಗದು. ಜ್ಯೋತಿ ಸಂಜೀವಿನಿ ಸೇವೆಯಲ್ಲಿರುವ ನೌಕರರಿಗಾಗಿ ಮಾಡಿದ್ದ ಯೋಜನೆ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯೂ ಸೇವಾನಿರತ ನೌಕರರ ಮಾಸಿಕ ವಂತಿಗೆಯ ಮೇಲೆ ನಿಂತಿದೆ. ಆದ್ದರಿಂದ ಇವರು ಮೂರು ಕಡೆ ನೋಡಬೇಕು. ಮೊದಲನೆಯದಾಗಿ, ಮಗ ಅಥವಾ ಮಗಳು ರಾಜ್ಯ ಸರ್ಕಾರಿ ನೌಕರಿಯಲ್ಲಿದ್ದರೆ ಅವಲಂಬಿತ ತಂದೆ ತಾಯಿಯಾಗಿ ಅವರ ಸಂಜೀವಿನಿ ಕಾರ್ಡಿನಲ್ಲಿ ಸೇರಲು ಸಾಧ್ಯವೇ ಎಂದು ವಿಚಾರಿಸಬೇಕು. ಪೋಷಕರ ಆದಾಯಕ್ಕೆ ಮಿತಿಯಿದೆ, ಪಿಂಚಣಿಯೂ ಆ ಲೆಕ್ಕಕ್ಕೆ ಬರುತ್ತದೆ, ಹೀಗಾಗಿ ಪೂರ್ಣ ಪಿಂಚಣಿ ಪಡೆಯುವ ತಂದೆಗೆ ಆಗದಿದ್ದರೂ ಕಡಿಮೆ ಮೊತ್ತದ ಕುಟುಂಬ ಪಿಂಚಣಿ ಪಡೆಯುವ ತಾಯಿಗೆ ಆಗಬಹುದು. ಎರಡನೆಯದು, ಎಪಿಎಲ್ ಆಗಿದ್ದರೂ ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಿಕೊಳ್ಳುವುದು: ಶೇಕಡಾ 30 ಕೂಡ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಸಣ್ಣ ಮೊತ್ತವಲ್ಲ. 70 ತುಂಬಿದ್ದರೆ ವಯ ವಂದನಾ ಮೂರನೆಯದು.

ಇವುಗಳ ಜೊತೆಗೆ ಖಾಸಗಿ ಅಥವಾ ಸಾರ್ವಜನಿಕ ವಲಯದ ವಿಮಾ ಕಂಪನಿಗಳ ಪಾಲಿಸಿಯ ಅಗತ್ಯ ಹೆಚ್ಚಾಗಿ ಬೀಳುವುದೂ 60ರಿಂದ 70ರ ನಡುವಿನ ಈ ಗುಂಪಿನವರಿಗೆ. 2024ರ ಏಪ್ರಿಲ್‌ನಿಂದ ವಿಮಾ ಪ್ರಾಧಿಕಾರವು ಹೊಸ ಪಾಲಿಸಿ ಕೊಳ್ಳಲು ಇದ್ದ 65ರ ವಯೋಮಿತಿಯ ಕಟ್ಟುಪಾಡನ್ನು ತೆಗೆದುಹಾಕಿದೆ, ಮೊದಲಿನಿಂದ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 3 ವರ್ಷಕ್ಕೆ ಇಳಿದಿದೆ. ಆ ಮೂರು ವರ್ಷದ ಲೆಕ್ಕ ಇಟ್ಟುಕೊಂಡರೆ, ಪಾಲಿಸಿಯನ್ನು ನಿವೃತ್ತಿಗೆ ಮೊದಲೇ ಮಾಡಿಸುವುದು ಏಕೆ ಒಳ್ಳೆಯದು ಎಂಬುದು ಗೊತ್ತಾಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಹಿರಿಯ ನಾಗರಿಕರಿಗೆ ಆರೋಗ್ಯ ವಿಮೆಯ ಕಂತಿನ ಮೇಲೆ 50,000 ರೂಪಾಯಿವರೆಗೆ ವಿನಾಯಿತಿಯೂ ಇದೆ.

ಹಳ್ಳಿಗೆ ಮರಳಿದವರಿಗೆ ಯಶಸ್ವಿನಿ

ನಿವೃತ್ತಿಯ ನಂತರ ಊರಿಗೆ ಹೋಗಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿರುವವರು ಮಂಡ್ಯ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಂಘದಂತಹ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ನಿಮಗೆ ಒದಗಬಹುದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿದ್ದ ಈ ಯೋಜನೆಯನ್ನು ಸರ್ಕಾರ ಮತ್ತೆ ಆರಂಭಿಸಿ 2023ರ ಜನವರಿಯಿಂದ ಚಿಕಿತ್ಸೆ ಕೊಡತೊಡಗಿತು. ಮರು ಜಾರಿಯಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, ನಗರದ ಕುಟುಂಬಕ್ಕೆ 1,000 ರೂಪಾಯಿ ವಂತಿಗೆ ಗೊತ್ತುಮಾಡಲಾಯಿತು. ಮಿತಿ 5 ಲಕ್ಷ ರೂಪಾಯಿ. ತಿಂಗಳಿಗೆ 30,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ಮತ್ತು ಬೇರೆ ಆರೋಗ್ಯ ವಿಮೆ ಇರುವವರಿಗೆ ಇದು ಅನ್ವಯಿಸುವುದಿಲ್ಲ. ನೋಂದಣಿಗೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ, ಆ ಪ್ರಕಟಣೆಯನ್ನು ಸಂಘದ ಕಾರ್ಯದರ್ಶಿಯಿಂದಲೇ ತಿಳಿಯಬೇಕು. ಕಾಯಿಲೆ ಬಿದ್ದ ಮೇಲೆ ಹೋಗಿ ಸೇರಿಕೊಳ್ಳುವ ದಾರಿ ಇಲ್ಲಿಲ್ಲ.

ಆಧಾರ್‌ನಲ್ಲಿರುವ ಹುಟ್ಟಿದ ದಿನ

ಅರ್ಜಿ ಹಾಕುವ ಮೊದಲು ನಿಮ್ಮ ಆಧಾರ್ ಕಾರ್ಡನ್ನು ಕನ್ನಡಕ ಹಾಕಿಕೊಂಡು ಒಮ್ಮೆ ನಿಧಾನವಾಗಿ ಓದಿ. ಮೊದಲ ಸುತ್ತಿನಲ್ಲಿ ಆಧಾರ್ ಮಾಡಿಸಿದ ಅನೇಕ ಹಿರಿಯರ ಕಾರ್ಡಿನಲ್ಲಿ ಪೂರ್ತಿ ದಿನಾಂಕವಿಲ್ಲದೆ ‘ಹುಟ್ಟಿದ ವರ್ಷ’ ಎಂದಷ್ಟೇ ಇರುತ್ತದೆ, ಆ ವರ್ಷವೂ ಶಿಬಿರದಲ್ಲಿ ಅಂದಾಜಿಗೆ ಬರೆಸಿದ್ದಾಗಿರಬಹುದು. ಸೇವಾ ಪುಸ್ತಕದಲ್ಲಿ 1953 ಎಂದಿದ್ದು ಆಧಾರ್‌ನಲ್ಲಿ 1957 ಎಂದಿದ್ದರೆ, ವಯ ವಂದನಾ ಯೋಜನೆ ನಂಬುವುದು ಆಧಾರನ್ನು. ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತಹ ದಾಖಲೆಯೊಂದಿಗೆ ಆಧಾರ್ ಸೇವಾ ಕೇಂದ್ರದಲ್ಲಿ ತಿದ್ದಿಸಬಹುದು. ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಬಾರಿ ತಿದ್ದಿಸಲು ಅವಕಾಶವಿರುವುದರಿಂದ ಕೌಂಟರಿನಲ್ಲಿ ಟೈಪು ಮಾಡಿದ್ದನ್ನು ರಸೀದಿಯ ಮೇಲೆ ಓದಿ ನೋಡಿಯೇ ಎದ್ದು ಬರಬೇಕು.

ಹೆಸರಿನ ಮುಂದಿನ ಇನಿಷಿಯಲ್ಲಿನ ವ್ಯತ್ಯಾಸವೂ ಇಂಥದ್ದೇ. ಪಿಂಚಣಿ ಆದೇಶ ಪತ್ರವಾದ ಪಿಪಿಒದಲ್ಲಿ ‘ಕೆ.ಎಸ್. ರಾಮೇಗೌಡ’, ಆಧಾರ್‌ನಲ್ಲಿ ‘ರಾಮೇಗೌಡ’, ಪಡಿತರ ಚೀಟಿಯಲ್ಲಿ ‘ರಾಮೇಗೌಡ ಬಿನ್ ಸಿದ್ದೇಗೌಡ’ ಎಂದಿದ್ದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದ ಕಂಪ್ಯೂಟರು ಮೂವರನ್ನೂ ಬೇರೆ ಬೇರೆ ಮನುಷ್ಯರೆಂದು ತಿಳಿಯಬಹುದು. ವಯಸ್ಸಾದಂತೆ ಹೆಬ್ಬೆರಳಿನ ಗೆರೆ ಸವೆದು ಯಂತ್ರ ಬೆರಳಚ್ಚನ್ನು ಒಪ್ಪದಿರುವುದೂ ಸಾಮಾನ್ಯ. ಹಾಗಾದಾಗ ಮೊಬೈಲಿಗೆ ಬರುವ ಒಟಿಪಿ ಅಥವಾ ಮುಖ ಗುರುತಿನ ಮೂಲಕ ಇ-ಕೆವೈಸಿ ಮಾಡಿಕೊಡುವಂತೆ ಕೇಳಿ. ಇದಕ್ಕಾಗಿ ಆಧಾರ್‌ಗೆ ಈಗ ಬಳಕೆಯಲ್ಲಿರುವ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಬೆಂಗಳೂರಿನಲ್ಲಿರುವ ಮಗನ ನಂಬರು ಕೊಟ್ಟಿದ್ದರೆ, ಒಟಿಪಿ ಬರುವ ಹೊತ್ತಿಗೆ ಆತ ಮೀಟಿಂಗಿನಲ್ಲಿ ಕುಳಿತಿರುತ್ತಾನೆ.

ಆಸ್ಪತ್ರೆಯ ಬಾಗಿಲಲ್ಲಿ

ದಾಖಲಾಗುವ ಮುನ್ನವೇ ‘ನಾವು ಈ ಯೋಜನೆಯ ಅಡಿಯಲ್ಲಿ ಬಂದಿದ್ದೇವೆ’ ಎಂದು ಹೇಳಿ ಕಾರ್ಡು ತೋರಿಸಿ. ಆಯುಷ್ಮಾನ್ ಬಗೆಯ ಯೋಜನೆಗಳಲ್ಲಿ ಟ್ರಸ್ಟ್ ಆಸ್ಪತ್ರೆಗೆ ಹಣ ಕೊಡುತ್ತದೆಯೇ ಹೊರತು ರೋಗಿಗೆ ಮರುಪಾವತಿ ಮಾಡುವುದಿಲ್ಲ. ನಗದು ರೋಗಿಯಾಗಿ ದಾಖಲಾಗಿ, ಬಿಲ್ಲು ಕಟ್ಟಿ, ಆಮೇಲೆ ಕಾರ್ಡು ತೆಗೆದರೆ ಆ ಹಣ ಹಿಂದಿರುಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಟ್ರಸ್ಟಿನ ಪೂರ್ವಾನುಮತಿ ಬಂದಿದೆಯೇ ಎಂದು ಆರೋಗ್ಯ ಮಿತ್ರರನ್ನು ಕೇಳಿ, ಎಷ್ಟು ಮೊತ್ತಕ್ಕೆ ಬಂದಿದೆ ಎಂಬುದನ್ನೂ ಬರೆದುಕೊಳ್ಳಿ. ಎಪಿಎಲ್ ಕುಟುಂಬದವರಾದರೆ ನಿಮ್ಮ ಪಾಲಿನ ಮೊತ್ತ ಎಷ್ಟೆಂಬುದನ್ನು ಆಗಲೇ ಇತ್ಯರ್ಥ ಮಾಡಿಕೊಳ್ಳಿ. ಪ್ಯಾಕೇಜಿನಲ್ಲಿ ಸೇರಿರುವ ಔಷಧವನ್ನೋ ಸ್ಟೆಂಟನ್ನೋ ಹೊರಗಿನಿಂದ ತರುವಂತೆ ಹೇಳಿದರೆ, ಹೇಳಿದವರ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ, ಹಣ ಕೊಟ್ಟರೆ ರಸೀದಿ ಪಡೆಯಿರಿ. ರಸೀದಿಯಿಲ್ಲದ ದೂರಿಗೆ ಬಲವಿರುವುದಿಲ್ಲ. ದೂರನ್ನು ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಅಥವಾ ಆಯುಷ್ಮಾನ್‌ನ ರಾಷ್ಟ್ರೀಯ ಸಹಾಯವಾಣಿ 14555ಕ್ಕೆ, ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಕೊಡಬೇಕು, ಮತ್ತು ದೂರಿನ ಸಂಖ್ಯೆಯನ್ನು ಡಿಸ್ಚಾರ್ಜ್ ಸಮ್ಮರಿಯ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಬೇಕು.